ಹದಿನೇಳನೆಯ ರಿವೆಟ್

ಮೊದಲು ಸಿಂಕಿನ ತೂತಿಗೆ ಚಹಾ ಸೋಸುವ ಜರಡಿ ಇಡುತ್ತಾನೆ ಕತ್ಬರ್ಟ್.
ಹೋದ ವರ್ಷ ಬ್ರೇಕಿನ ಸನ್ನೆಯೊಂದು, ಅಕ್ಕಿಕಾಳಿನಷ್ಟು ಹಿತ್ತಾಳೆ,
ಶಿಲ್ಡನ್ನಿನ ಚರಂಡಿಗಿಳಿದು ಸಮುದ್ರದ ದಾರಿ ಹಿಡಿಯಿತಂತೆ.
"ಈಗ ನಾರ್ವೆಯಲ್ಲಿರಬೇಕು" ಎನ್ನುತ್ತಾನೆ, ನಗದೆ.

ನಾನು ಪಕ್ಕದ ಮನೆಯ ವೆರಿಟಿ, ರಾತ್ರಿಪಾಳಿಯ ನರ್ಸು.
ಅವನ ಬೆರಳು ನಡುಗುತ್ತವೆ, ಅದಕ್ಕೇ ನನ್ನವನ್ನು ಕಡ ಕೇಳಿದ್ದಾನೆ.
ಉಗುರುಬೆಚ್ಚಗಿನ ನೀರು, ಪಾತ್ರೆಸೋಪಿನ ನಾಲ್ಕು ಹನಿ,
ಸವೆದ ಹಲ್ಲುಜ್ಜುವ ಬ್ರಷ್ಷು.
ಬೆಸುಗೆಯ ಜಿಡ್ಡು ಮೂಲೆಮೂಲೆಯಲ್ಲಿ ಕೂತಿದೆ
ಬಾಡಿಗೆ ಕೊಡದೆ ಬಾಗಿಲು ಹಾಕಿಕೊಂಡವನ ಹಾಗೆ.
ಉಜ್ಜು, ಇನ್ನೂ ಉಜ್ಜು ಎನ್ನುತ್ತಾನೆ.
ಗಾಯ ತೊಳೆದು ಹೊಲಿಗೆಗೆ ಅಣಿಮಾಡಿದವಳಿಗೆ
ಇದನ್ನೂ ಹೇಳಿಕೊಡಬೇಕೆ?

ಹೇಳಿಕೊಡುತ್ತಾನೆ.
ಬಿಳಿಲೋಹಕ್ಕೆ ಬೇರೆ ಅರ, ಹಿತ್ತಾಳೆಗೆ ಬೇರೆ.
"ಮೆತ್ತನೆಯದು ಅರದ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ,
ಆಮೇಲೆ ಅರ ಕಚ್ಚುವುದಿಲ್ಲ, ಬರೀ ನೆಕ್ಕುತ್ತದೆ."
ಅಚ್ಚಿನ ಗೆರೆ ಹೋಗಬೇಕು, ಚಕ್ರದ ಅಂಚು ಹೋಗಬಾರದು.
ಹಿತ್ತಾಳೆಗೆ ವಿನಿಗರಿನ ಮೀಹ, ಮತ್ತೆ ನೀರು, ಮತ್ತೆ ನೀರು.
ತೊಳೆದ ಮೇಲೆ ಅದು ಮಡಿ. ಬರಿಗೈ ಸೋಕುವಂತಿಲ್ಲ.
ನನ್ನ ಆಸ್ಪತ್ರೆಯ ನೀಲಿ ಗವಸು ತೊಟ್ಟುಕೊಂಡೇ
ಅವನು ಬಿಸ್ಕತ್ತು ಅದ್ದುತ್ತಾನೆ.

ಶೆಡ್ಡಿನಲ್ಲಿ ಸೀಮೆಎಣ್ಣೆ ಹೀಟರು ಆರಿಸಿ ಹತ್ತು ನಿಮಿಷ.
ಪ್ರೈಮರಿನ ಡಬ್ಬಿ ಬಿಸಿನೀರಿನ ಮಗ್ಗಿನಲ್ಲಿ ಕಾಲು ಕಾಸಿಕೊಳ್ಳುತ್ತಿದೆ.
ಎತ್ತಿ ಅಲ್ಲಾಡಿಸಿದೆ. ಒಳಗಿನ ಗುಂಡು ಗಡಗಡ.
ಅವನಿಗದು ಕೇಳದು, ಎಡಗಿವಿಯನ್ನು
ವ್ಯಾಗನ್ ಕಾರ್ಖಾನೆಗೇ ಕೊಟ್ಟು ಬಂದವನು,
ಆದರೂ ಡಬ್ಬಿಗೆ ಅಂಗೈ ಇಟ್ಟು
"ಇನ್ನೂ ಒಂದು ನಿಮಿಷ."

"ವ್ಯಾಗನ್ನಿನ ಆಚೆಯೇ ಶುರು ಮಾಡು, ದಾಟಿದ ಮೇಲೆ ನಿಲ್ಲಿಸು.
ಅದರ ಮೇಲೆ ಮಾತ್ರ ನಿಲ್ಲಬೇಡ.
ಮುಚ್ಚುವುದಕ್ಕೆ ಹೋಗಬೇಡ ಹುಡುಗಿ, ಬರೀ ಉಸಿರು ಬಿಡು."
ನನಗೆ ಐವತ್ತಮೂರು.

ಒಂದು ಸಲ. ಕಾಯುವುದು. ಇನ್ನೊಂದು ಸಲ.
ಹಿತ್ತಾಳೆಯ ಬೆಡಗು ಹೋಯಿತು, ಬಿಳಿಲೋಹದ ಪೆಚ್ಚುಮೋರೆ ಹೋಯಿತು,
ಬೆಸುಗೆ ಯಾವುದು, ತಗಡು ಯಾವುದು, ಕೇಳುವವರಿಲ್ಲ,
ಎಲ್ಲ ಒಂದೇ ಮೈ.
ಆದರೆ ಹೊಳಪಿಗೆ ಗುಟ್ಟು ಕಾಯುವುದು ಗೊತ್ತಿತ್ತು,
ಈ ಬೂದುಬಣ್ಣ ಚಾಡಿಕೋರ.
ನನ್ನ ಅರ ಜಾರಿದ ಗೀರು ಹೇಳಿತು,
ಬ್ರಷ್ಷಿನ ಒಂದೆಳೆ ಕೂದಲು ಹೇಳಿತು,
ಆಮೇಲೆ, ಬಾಗಿಲ ಪಕ್ಕದ ಮೂಲೆಯಲ್ಲಿ,
ಕಿಟ್ಟಿನ ನಕ್ಷೆಯಲ್ಲಿಲ್ಲದ ಒಂದು ಗುಳ್ಳೆ.

ಧೂಳೆಂದು ಚಿಮುಟ ಎತ್ತಿದೆ. ಕೈ ಹಿಡಿದ.

ಕಳೆದ ವಾರ ಆ ತಗಡನ್ನು ಬಟ್ಟೆಯ ಮೇಲೆ ಬೋರಲು ಹಾಕಿ
ಮೊಂಡು ಸೂಜಿ ಇಟ್ಟು ಇಡೀ ಮಧ್ಯಾಹ್ನ ಕೂತಿದ್ದನಂತೆ,
ನಡುಕ ನಿಂತ ಒಂದು ಗಳಿಗೆಗೆ
ಎರಡು ರೈಲುಗಳ ನಡುವೆ ಹಳಿ ದಾಟುವವನಂತೆ ಕಾದು,
ಒಂದೇ ಒಂದು ಒತ್ತು.

"ಅವರು ಹದಿನಾರು ಹಾಕಿದ್ದಾರೆ. ಇದ್ದದ್ದು ಹದಿನೇಳು.
ನಾನು ಹೊರಗಿನಿಂದ ಬಡಿಯುವವನು.
ಸೆಪ್ ಥ್ವೇಟ್ ಒಳಗೆ ಕೂತು ಕಬ್ಬಿಣ ಆನಿಸಿ ತಡೆಯುವವನು.
ಈ ಮೂಲೆಯದಕ್ಕೆ ಅವನು ಛತ್ರಿಯ ಹಾಗೆ ಮಡಚಿಕೊಳ್ಳಬೇಕಿತ್ತು,
ಬೈಗುಳ ತಗಡಿನ ಮೂಲಕವೇ ಬರುತ್ತಿತ್ತು."

ಮಾದರಿಯ ರಿವೆಟ್ಟು ಒಳಗಿನಿಂದಲೇ ಒತ್ತಬೇಕು.
ಅದನ್ನವನು ಹೇಳಲಿಲ್ಲ. ಗವಸಿನ ಹೆಬ್ಬೆರಳನ್ನು
ಗಾಳಿಯಲ್ಲೇ ಒಂದು ಸಲ ಒತ್ತಿ ತೋರಿಸಿದ.

ನಾಳೆ ಬಣ್ಣ ಯಾವುದು ಎಂದೆ.
"ಬೂದು" ಎಂದ.
"ಇದೂ ಬೂದೇ ಅಲ್ಲವೆ?"
"ಇದು ಬೇರೆ ಬೂದು" ಎಂದು ಬೆನ್ನು ತಿರುಗಿಸಿ
ಶೂ ಡಬ್ಬಿಯ ಮುಚ್ಚಳ ಹುಡುಕತೊಡಗಿದ,
ಇಪ್ಪತ್ತನಾಲ್ಕು ಗಂಟೆ ಧೂಳು ಕೂರಬಾರದಲ್ಲ.