ಒಂದಕ್ಕೆ ಹದಿನಾಲ್ಕು

ಮುಲುಂಡ್ ಪೂರ್ವ, ಮೂರನೇ ಮಹಡಿ.
ಬಟ್ಟೆ ಒಣಗಬೇಕಾದ ಬಾಲ್ಕನಿಯಲ್ಲಿ ನನ್ನ ಕಾರ್ಖಾನೆ:
ಅಂಗೈಯಗಲದ ವೈಸು, ಎರಡು ಅರ,
ಲ್ಯಾಬಿನವರು ಸವೆಯಿತೆಂದು ಎಸೆದ ಡ್ರಿಲ್ ಮೊನೆಗಳು,
ಮೊಳದುದ್ದದ ಹಳದಿ ಲೋಡರು.
ಅದರ ಲೆಕ್ಕದಲ್ಲಿ ನಾನು
ಹನ್ನೊಂದು ಸೆಂಟಿಮೀಟರಿನ ಹೆಂಗಸು.

ಹಗಲು ಹಲ್ಲು ಮಾಡುವ ಕೆಲಸ.
ಘಾಟ್ಕೋಪರಿನಲ್ಲಿ ಕೂತು
ಯಾರದೋ ಕೆಳದವಡೆಗೆ ಟೋಪಿ ಕೆತ್ತುತ್ತೇನೆ.
ಮುಖ ನೋಡಿದ್ದಿಲ್ಲ, ಕಚ್ಚು ಮಾತ್ರ ಗೊತ್ತು.

ರಾತ್ರಿ, ಪಾತ್ರೆ ತೊಳೆದ ಮೇಲೆ, ಲೋಡರಿನ ಸರದಿ.
ಮೊದಲು ಬಕೆಟ್ಟು, ಐದು ಹಲ್ಲಿನದು
(ಕೈ ತಾನಾಗಿ ಕೋರೆಹಲ್ಲು ಕೆತ್ತಹೋಯಿತು, ತಡೆದೆ).
ಆಮೇಲೆ ಮರದ ದಿಮ್ಮಿ ಹಿಡಿಯುವ ಉಗುರು,
ಅದಕ್ಕೆ ರಕ್ತನಾಳ ಎರಡು ಸಿರಿಂಜು.
ಆಮೇಲೆ ರಸ್ತೆ ಗುಡಿಸುವ ಉರುಳು:
ಹನ್ನೆರಡು ಟೂತ್‌ಬ್ರಷ್ಷುಗಳ ಪ್ರಾಣ ಹೋಯಿತು.
ಒಂದು ಕಳಚಿ ಇನ್ನೊಂದು ತೊಡಿಸಲು
ಒಂದೇ ಕೊಂಡಿ, ಒಂದೇ ಕ್ಲಿಕ್ಕು.
ಆ ಕ್ಲಿಕ್ಕಿಗಾಗಿ ಒಂದು ಇಡೀ ದೀಪಾವಳಿ ರಜೆ.

ಈ ಸಲ ಹಿಮ ತಳ್ಳುವ ಹಲಗೆ.

"ಹಿಮವಾ? ಮುಂಬಯಿಯಲ್ಲಾ?" ಫೋನಿನಲ್ಲಿ ತಂಗಿ ಸುನೀತಿ
ನಕ್ಕು ನಕ್ಕು ಕೆಮ್ಮಿದಳು.
ನಾನು ಹಿಮ ಕಂಡದ್ದು ಫ್ರಿಜ್ಜಿನ ಮೇಲಂತಸ್ತಿನಲ್ಲೇ, ನಿಜ.
ಹಿಮದ ಆಸೆಗಲ್ಲ ಮಾರಾಯ್ತಿ,
ಆ ಹಲಗೆಗೊಂದು ಗುಣವಿದೆ:
ಕಾಣದ ಕಲ್ಲು ತಗುಲಿದರೆ ಮುಗ್ಗರಿಸಿ, ದಾಟಿ,
ತಾನೇ ಎದ್ದು ನಿಲ್ಲುತ್ತದೆ.
ಅದು ಹೇಗೆ, ಎನ್ನುವುದಷ್ಟೇ ನನ್ನ ಹಟ.

ಅಡುಗೆ ಉಪ್ಪು ಸುರಿದು ನೋಡಿದೆ.
ಜುಲೈ ಗಾಳಿ. ಎರಡನೇ ಬೆಳಗಿಗೆ ಹಲಗೆಯ ಅಂಚು ಕೆಂಪು.
ರವೆ ಸುರಿದೆ, ಇರುವೆಗಳ ದಿಬ್ಬಣ ಬಂತು.
ಪೆನ್ನಿನ ಸ್ಪ್ರಿಂಗು ಹಾಕಿದರೆ ರವೆಗೇ ಮಣಿಯಿತು ಹಲಗೆ,
ಸ್ಕೂಟರಿನದು ಹಾಕಿದರೆ
ಕಲ್ಲಿಗೂ ಮಣಿಯದೆ ಲೋಡರೇ ಅಡಿಮೇಲು.
ಆರು ವಾರ ಹೀಗೆ. ಅರದ ಸದ್ದು, ಮತ್ತೆ ಅರದ ಸದ್ದು.

ಆ ಸದ್ದಿಗೇ ಎದ್ದು ಬಂದರು ಕೆಳಗಿನ ಮನೆಯ ಘಾಡಿಗಾಂವ್ಕರ್.
ನಾಲೆಯ ಹೂಳೆತ್ತುವ ಯಂತ್ರದ ಚಾಲಕ,
ಐದೂವರೆಗೆ ಡ್ಯೂಟಿ. ಬನಿಯನ್, ಕೆಂಗಣ್ಣು.
ಬೈಯಲೆಂದೇ ಬಂದವರು ಬಾಗಿಲಲ್ಲಿ ಬಾಯಿ ತೆರೆದು
ಹಾಗೇ ಮುಚ್ಚಿದರು.
ಒಳಬಂದು ಮಂಡಿಯೂರಿ
ಕಿರುಬೆರಳಲ್ಲಿ ಹಲಗೆಯ ತಳ ತಳ್ಳಿದರು.

ಯಾಕೆ ಅಂತ ಕೇಳಲಿಲ್ಲ.
ಎಷ್ಟು ಖರ್ಚು ಅಂತ ಕೇಳಲಿಲ್ಲ.
"ಪಿನ್ನು ಮೇಲಾಯ್ತು, ತಾಯಿ," ಅಂದರು ತಮ್ಮ ಮರಾಠಿಯಲ್ಲಿ,
"ಕಲ್ಲು ಹೊಡೆಯೋದು ಕೆಳಗೆ.
ಕೀಲು ಸ್ವಲ್ಪ ಇಳಿಸಿ."
ಹೋಗಿ ಮಲಗಿದರು.

ಕೀಲು ಇಳಿಸಿದೆ, ನಾಲ್ಕು ಮಿಲಿಮೀಟರು.
ಸ್ಪ್ರಿಂಗು ನನ್ನ ಡ್ರಾಯರಿನಲ್ಲೇ ಇತ್ತು:
ಹಲ್ಲುಗಳ ನಡುವಿನ ಸಂದಿಯನ್ನು
ತಿಂಗಳುಗಟ್ಟಲೆ ಮೆಲ್ಲಗೆ ಎಳೆದು ಮುಚ್ಚುವ,
ಎಷ್ಟು ಹಿಗ್ಗಿದರೂ ಎಳೆತ ಹೆಚ್ಚಿಸದ ತಂತಿ.
ಇಪ್ಪತ್ತು ವರ್ಷ ಅದನ್ನೇ ಹಿಡಿದ ಬೆರಳಿಗೆ
ಇಷ್ಟು ತಡವಾಗಿ ಹೊಳೆಯಬೇಕೇ!

ಶನಿವಾರ ಲ್ಯಾಬಿನಿಂದ ಒಂದು ಚೀಲ ಹಿಮ ತಂದೆ:
ಅಚ್ಚು ಉಜ್ಜಿದಾಗ ಉದುರುವ ಪ್ಲಾಸ್ಟರಿನ ಪುಡಿ.
ಬಾಲ್ಕನಿಯ ಉದ್ದಕ್ಕೂ ಹರಡಿದೆ.
ನಡುವೆ, ಅಳತೆ ತಪ್ಪಿ ವಾಪಸು ಬಂದ
ಒಂದು ದವಡೆಹಲ್ಲನ್ನು ಅಂಟಿಸಿ ಹೂತಿಟ್ಟೆ.

ಲೋಡರು ಹೊರಟಿತು. ಬಿಳಿ ಮಡಚಿ ಮಡಚಿ
ಎಡಕ್ಕೆ ಸುರುಳಿಯಾಗಿ ಬಿತ್ತು, ಬೈತಲೆಯಂಥ ದಾರಿ.
ಹಲ್ಲು ಬಂತು. ಟಕ್.
ಹಲಗೆ ಬಾಗಿತು, ಹತ್ತಿತು, ದಾಟಿತು,
ನಿಂತಿತು.

"ಪುನ್ಹಾ," ಅಂದರು ಬಾಗಿಲಲ್ಲಿದ್ದ ಘಾಡಿಗಾಂವ್ಕರ್.

ಎಂಟನೇ ಸಲಕ್ಕೆ ರಿಮೋಟು ಅವರ ಕೈಯಲ್ಲಿತ್ತು.
ದಿನವಿಡೀ ಹೂಳು ಎತ್ತಿದ ದಪ್ಪ ಹೆಬ್ಬೆರಳು
ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ.
ಕೆಳಗಿನಿಂದ ಅವರ ಹೆಂಡತಿ ಊಟಕ್ಕೆ ಕರೆಯುತ್ತಲೇ ಇದ್ದರು.