ಲಕ್ಕೊಂದು ಎತ್ವ

ಬೋರ್ಡ ನೋಡಿ ನಗಬ್ಯಾಡ್ರಿ ಅಂದೆ.
ಅವ್ರು ಆಗಲೇ ನಕ್ಕಿದ್ರು.

ದಾವಲಸಾಬ ಮಾಮಾ ಬರಸಾಕ ಹೇಳಿದ್ದು ಕಡಲ ಬಂಗ್ಲೆ ಅಂತ.
ಬೆಟಗೇರಿ ಪೇಂಟರ ಹುಟ್ಟಿದಾಗಿಂದ ಯರಿಹೊಲಾ ಕಂಡಾವ,
ಸಾಬರು ಅವಸರದಾಗ ಎತ್ವ ಮರತಾರ ಅಂತ
ತಾನ ಹಚ್ಚಿ ಪುಣ್ಯಾ ಕಟ್ಕೊಂಡ:
ಕಡಲೆ ಬಂಗ್ಲೆ.
ನೀಲಿ ಎಣ್ಣಿಬಣ್ಣ. ಅಳಸಾಕ ಬ್ಯಾರೆ ರೊಕ್ಕ ಕೇಳಿದ.
ಇರಲಿ ಬಿಡು ಅಂದ್ರು ಮಾಮಾ.

ಇಪ್ಪತ್ತೆರಡು ವರ್ಷ ಹಡಗದಾಗ ಅಡಗಿ ಮಾಡಿದ ಮನಷ್ಯಾ.
ರೊಕ್ಕಕ್ಕಿಂತ ಹೆಚ್ಚು ಕಿಡಕಿ ತಂದಿದ್ರು,
ಮುರದ ಹಡಗದವು, ದುಂಡನವು, ಹಿತ್ತಾಳಿ ಬಳಿ ಇದ್ದವು, ಆರು.
ರೊಟ್ಟಿಹಂಚು ಗ್ವಾಡಿಗೆ ಹಚ್ಯಾನ ಅಂತು ಲಕ್ಕುಂಡಿ.
ಈಗ ಮಾಮಾ ಇಲ್ಲ. ಮಗಳು ಶಮಶಾದ
ಹುಬ್ಬಳ್ಳಿಯಿಂದ ಫೋನ್ ಮಾಡ್ತಾಳ:
ಫಕ್ಕೀರವ್ವಕ್ಕ, ಐದು ಮಂದಿ, ಮೂರು ರಾತ್ರಿ,
ಗೀಜರ್ ನೋಡ್ಕೊ.

ಈ ಸಲ ಬಂದವ್ರು ಹೊನ್ನಾವರದವ್ರು.
ಮೊಗೇರ ಮಾಸ್ತರ, ಅವರ ಹೆಂಡ್ತಿ, ಅವರವ್ವ, ಎರಡು ಹುಡುಗ್ರು.
ಡಿಸೆಂಬರ್ ಸೂಟಿ, ಹಳೇ ಗುಡಿ ನೋಡಾಕ.
ಸಮುದ್ರದ ದಂಡಿ ಮಂದಿಗೆ
ಸಮುದ್ರದ ಹೆಸರಿನ ಮನಿ ಬಾಡಿಗಿ ಕೊಟ್ಟು
ಕೀಲಿಕೈ ಹಿಡಕೊಂಡು ಕಳ್ಳಿಹಂಗ ನಿಂತಿದ್ದೆ.

ಹೇಳೂದೆಲ್ಲಾ ಹೇಳಿದೆ.
ಎಡಗಡೆ ನಳ ಬಿಸಿ, ಆದ್ರ ಬರೂತನಕ ತಣ್ಣಗ.
ಮಂಗ್ಯಾ ಬಂದ್ರ ಹಲ್ಲು ಕಿಸಿಬ್ಯಾಡ್ರಿ.
ಬಾವಿ ಪಾವಟಿಗಿ ಮ್ಯಾಲೆ ಪಾಚಿ ಐತಿ, ಹುಡುಗ್ರ ಕೈ ಬಿಡಬ್ಯಾಡ್ರಿ.
ಮೂರನೇ ಕಿಡಕಿ ತಗಿಯಂಗಿಲ್ಲ, ಗುಬ್ಬಿ ಸಂಸಾರ ಐತಿ.
ಮೀನ ನಡೀತಾವ.
ಮಾಮಾ ಇದ್ದಿದ್ರ ತಾವ ಕರದು ಕೊಡ್ತಿದ್ರು.

ಸಣ್ಣಾಕಿ ಪ್ರಾರ್ಥನಾ, ಏಳು ವರ್ಷದ್ದು,
ದುಂಡನ ಗಾಜಿಗೆ ಮೂಗು ಹಚ್ಚಿ ಕೇಳಿತು:
ಎಲ್ಲಿ?

ಹೊರಗ ಕಡ್ಲಿ ಹೂ ಬಿಟ್ಟಿತ್ತು, ಮೊಣಕಾಲಿನ ತನಕ.
ಅದರಾಚೆ ಬಿಳಿಜ್ವಾಳ.
ಅದರಾಚೆ ಕಪ್ಪತಗುಡ್ಡದ ಕಡೆ ಗಾಳಿಫ್ಯಾನು
ಯಾರನ್ನೋ ಕರದಂಗ ಕೈ ಬೀಸತಿದ್ವು.
ಅದ, ಅಂದೆ.
ಅದು ಹೊಲ, ಅಂತು. ಅಷ್ಟ.

ರಾತ್ರಿ ಮೂರಕ್ಕ ಎದ್ದು ನೋಡಿದ್ರ
ಮಾಸ್ತರ ಅವ್ವ ಪಡಸಾಲ್ಯಾಗ ಕುಂತಿದ್ರು.
ಹಾಸಿಗಿ ಚುಚ್ಚತೈತೇನ್ರಿ?
ಇಲ್ಲ ಮಾರಾಯ್ತಿ. ಇಷ್ಟು ಸುಮ್ಮನೆ ಉಂಟಲ್ಲ.
ನಮ್ಮಲ್ಲಿ ಅದು ಸದ್ದು ನಿಲ್ಲಿಸಿದ ರಾತ್ರಿ
ಯಾರೂ ಮಲಗೂದಿಲ್ಲ.

ಏನ ಕೊಡಲಿ ನಾ? ಫ್ಯಾನ್ ಹಚ್ಚಿದೆ. ಅವ್ರು ನಕ್ಕು ಆರಿಸಿದ್ರು.
ಆಮ್ಯಾಲೆ ನೆನಪಾತು,
ಸಂಜಿಮುಂದ ಹೊಲದಾಗ ಚಾದರ ಹಾಸಿ ಬಂದಿದ್ದೆ,
ಕಡ್ಲಿ ಹುಳಿ ಹಿಡಿಯಾಕ.
ನನ್ನ ಹೊಟ್ಟಿನೋವಿಗೆ ಅದ ಔಷಧ.
ಚಾದರ ಬಂಗ್ಲೆದ್ದು. ಶಮಶಾದಗ ಗೊತ್ತಿಲ್ಲ.

ನಸಿಕಿನ್ಯಾಗ ಮೂರು ಮಂದಿ ಬದುವಿಗೆ ಇಳದ್ವಿ,
ನಾನು, ಅವ್ರು, ನಿದ್ದಿಗಣ್ಣಾಗ ಪ್ರಾರ್ಥನಾ.
ಇಬ್ಬನಿ ಕುಡದು ಚಾದರ ಎಮ್ಮಿಯಷ್ಟು ಭಾರ ಆಗಿತ್ತು.
ಒಂದು ತುದಿ ನಾ ಹಿಡದೆ.
ಇನ್ನೊಂದು ತುದಿ ಅವ್ರು ಹಿಡದ್ರು, ಹೆಬ್ಬಟ್ಟು ಒಳಗ ಮಡಚಿ,
ಬಲಿ ಹಿಡಿಯೋರ ಹಂಗ.
ನನಗಿಂತ ಗಟ್ಟಿ ಹಿಂಡಿದ್ರು.

ಅರ್ಧ ಚರಗಿ ಬಂತು.
ಹುಡುಗಿ ಬೆರಳು ಅದ್ದಿ ನೆಕ್ಕಿ
ಮುಖ ಹುಣಸಿಕಾಯಿ ಮಾಡಿತು.
ಹುಳಿ. ಸ್ವಲ್ಪ ಉಪ್ಪು. ಇದು ಸಮುದ್ರ ಅಲ್ಲ.
ಅಲ್ಲವ್ವಾ, ಅಂದೆ.
ಅಜ್ಜಿ ಏನೂ ಅನಲಿಲ್ಲ.
ಹೆಬ್ಬಟ್ಟು ಬಾಯಾಗಿಟ್ಟು
ಹೊಲದ ತುದಿತನಕ ನೋಡಿದ್ರು,
ದೋಣಿ ಬರೂದು ತಡಾ ಆದಂಗ.

ಹೋಗೂ ದಿನ ವಹಿ ಒಳಗ ಮಾಸ್ತರ ಬರದ್ರು:
ಗೀಜರ್ ಸರಿಯಿಲ್ಲ. ಉಳಿದದ್ದು ಚೆನ್ನಾಗಿದೆ.
ಬೋರ್ಡಿನಲ್ಲಿ ಕಾಗುಣಿತ ದೋಷವಿದೆ.
ಕಡೀ ಸಾಲಿಗೆ ತಾವ ಗೀಟು ಹೊಡದಿದ್ರು.

ಚಾದರ ಎಣಿಸಿದ್ರ ಒಂದು ಕಮ್ಮಿ.
ಹಸಿದ ಮಡಚಿ ಒಣಮೀನಿನ ಚೀಲದಾಗ ಇಟ್ಕೊಂಡಿದ್ದು
ನಾ ನೋಡಿದ್ದೆ,
ಅವ್ರೂ ನಾ ನೋಡಿದ್ದು ನೋಡಿದ್ರು.

ಒಂದು ಎಲ್ಲಿ ಹೋತು ಫಕ್ಕೀರವ್ವಕ್ಕ? ಅಂದ್ಲು ಶಮಶಾದ.
ನೀರಿಗೆ ಹೋತವ್ವ,
ಪಗಾರದಾಗ ಹಿಡಕೊ.