ಖಾಲಿ ಕೋಣೆಯ ಪ್ರಸಾರ

ಇವತ್ತು ಮಾತಿಲ್ಲ, ಅಂದೆ ಮೈಕಿಗೆ.
ತ್ಬಿಲಿಸಿಯ ಗಡಿಯಾರದಲ್ಲಿ ರಾತ್ರಿ ಹನ್ನೊಂದೂವರೆ,
ಈ ಊರಿನದೇ ಒಂದು ಖಾಲಿ ಕೋಣೆ
ಆರು ನಿಮಿಷ ನಿಮ್ಮ ಮನೆಗೆ ಬರುತ್ತದೆ,
ರೇಡಿಯೋ ಕೆಟ್ಟಿತೆಂದು ತಲೆಗೆ ತಟ್ಟಬೇಡಿ.

ನನ್ನ ಕೆಲಸ ಇಷ್ಟೇ: ಬಾಗಿಲು ತಳ್ಳು,
ಯಂತ್ರ ನೆಲಕ್ಕಿಡು, ಒಂದೇ ಒಂದು ಚಪ್ಪಾಳೆ.
ಗೋಡೆಗೆ ಕಿವಿ ಇದೆಯೋ ಇಲ್ಲವೋ, ಹೊಟ್ಟೆಯಂತೂ ಇದೆ.
ಪರದೆ ಗಬಕ್ಕನೆ ನುಂಗುತ್ತದೆ,
ಕಿಟಕಿಯ ಗಾಜು ಎಂಜಲೂ ಮಾಡದೆ ವಾಪಸು,
ಮೂಲೆಗಳು ಮಾತ್ರ ಬಹಳ ಹೊತ್ತು ಜಗಿಯುತ್ತವೆ
ಬೊಚ್ಚುಬಾಯಿಯ ಮುದುಕರ ಹಾಗೆ.

ಮೂರು ವರ್ಷದಲ್ಲಿ ಏನೇನೋ ಕೂಡಿಟ್ಟಿದ್ದೇನೆ.
ಗಂಧಕದ ಸ್ನಾನಗೃಹದ ಗುಮ್ಮಟದಿಂದ ಒಂದೇ ಹನಿ ಬೀಳುವುದು;
ಸುರಂಗದಾರಿಯಲ್ಲಿ ಹೂ ಮಾರುವವಳ ಕೆಮ್ಮು,
ಆ ಕೆಮ್ಮಿನ ಮಕ್ಕಳು, ಮೊಮ್ಮಕ್ಕಳು;
ಹದಿನಾರು ಮಹಡಿಯ ಕಟ್ಟಡದ ಲಿಫ್ಟು.
ಮೇಲೆ ಹೋಗಲು ಕಾಸು ಹಾಕಬೇಕು ಅಲ್ಲಿ.
ಡಬ್ಬಿ ಬರಿದಾದ ದಿನ ಹತ್ತು ತೆತ್ರಿ ಠಣ್ಣೆನ್ನುತ್ತದೆ,
ತುಂಬುತ್ತ ತುಂಬುತ್ತ ಬರೀ ಚಟ್.
ಕಾಸು ತೆಗೆಯುವ ಲಮಾರಾ ಕಿವಿಯಲ್ಲೇ ಲೆಕ್ಕ ಹೇಳುತ್ತಾಳೆ,
ಒಂದು ಹಿಡಿಗಿಂತ ಹೆಚ್ಚು ತಪ್ಪಿದ್ದಿಲ್ಲ.

ಆರು ನಿಮಿಷ. ಸ್ಟುಡಿಯೋ ಗಾಜಿನಾಚೆ ಗೋಗಿ ಹುಬ್ಬೇರಿಸಿದ,
ಜಾಹೀರಾತಿನವರಿಗೆ ಏನು ಹೇಳಲಿ ಎಂಬಂತೆ.
ಕೊಳವೆಯೊಂದು ಎರಡು ಸಲ ಟಿಕ್ಕೆಂದಿತು.
ದೂರದಲ್ಲಿ ಯಾರೋ ಹಿಟ್ಟು ನಾದುತ್ತಿರಬೇಕು;
ಛೆ, ಅದು ನನ್ನದೇ ಕೋಟಿನ ತೋಳು.

ಮುಗಿಯುವ ಮೊದಲೇ ಫೋನು.
ಕಲ್ಬತೋನೊ ಇಯಾ, ನಾನು ಜುಂಬೆರ್, ಸೊಲೊಲಾಕಿಯವನು.
ಅದು ನಮ್ಮ ಮನೆ.
ಹೇಗೆ ಗೊತ್ತು, ಅಂದೆ.
ನೆಲವಿಲ್ಲವಲ್ಲ.
ಓಕ್ ಹಲಗೆ ಇದ್ದಿದ್ದರೆ ಚಪ್ಪಾಳೆಯ ಬಾಲ ಬೆಚ್ಚಗಿರುತ್ತಿತ್ತು,
ಇದು ಬರಿಗಾಲಲ್ಲಿ ನಿಂತ ಸದ್ದು.
ತೊಂಬತ್ತಮೂರರ ಚಳಿಗಾಲ. ಕರೆಂಟಿಲ್ಲ, ಗ್ಯಾಸಿಲ್ಲ.
ಕಿಟಕಿಯ ಕಡೆಯಿಂದ ಶುರು ಮಾಡಿದೆವು,
ಮಂಚದ ಅಡಿಯದು ಮಾರ್ಚ್ ತನಕ ಬಂತು.
ಮೀನಿನ ಮುಳ್ಳಿನ ಹಾಗೆ ಅಪ್ಪ ಹಾಸಿದ್ದ ನೆಲ,
ಅಪ್ಪನೇ ಕಿತ್ತು ಕೊಟ್ಟ ಒಲೆಗೆ.
ಯಾವ ಮೊಳೆ ಎಲ್ಲಿ ಅಂತ ಅವನಿಗಲ್ಲದೆ ಯಾರಿಗೆ ಗೊತ್ತು.

ನಾನು ಹಿಡಿದು ತಂದದ್ದು ನದಿಯಾಚೆ, ಚುಗುರೇತಿಯಲ್ಲಿ,
ಹಲ್ಲಿನ ಆಸ್ಪತ್ರೆಯಾಗಲಿರುವ ಮನೆಯಿಂದ.
ಸೊಲೊಲಾಕಿಯಂತೂ ಅಲ್ಲವೇ ಅಲ್ಲ.
ಹೂಂ, ಅಂದೆ.

ಮತ್ತೊಂದು ಫೋನು, ಸಬುರ್ತಾಲೋದಿಂದ:
ಅದು ನಮ್ಮದು, ಅಡುಗೆಮನೆಯ ಪಕ್ಕದ್ದು.
ಆಮೇಲೊಬ್ಬ ಟ್ಯಾಕ್ಸಿಯವನು, ಗಾಡಿ ಬದಿಗೆ ಹಾಕಿ ನಿಂತಿದ್ದನಂತೆ;
ಹಿಂದಿನ ಸೀಟಿನ ಗಿರಾಕಿಯೂ ಅದು ತನ್ನ ಮನೆಯೆಂದು
ಇಬ್ಬರಿಗೂ ಜಗಳ.
ಒಬ್ಬಾಕೆ ಏನೂ ಹೇಳಲಿಲ್ಲ. ಫೋನು ಕೆಳಗಿಟ್ಟು
ತನ್ನ ಕೋಣೆಯಲ್ಲಿ ತಾನೇ ಒಂದು ಚಪ್ಪಾಳೆ ತಟ್ಟಿದಳು.
ದಪ್ಪ ಕಂಬಳಿ ಹಾಸಿದ್ದಾಳೆ, ಅಷ್ಟು ತಿಳಿಯಿತು.

ನಮ್ಮ ಮನೆಯಲ್ಲಿ ಏನು ಸುಟ್ಟರು?
ಆಗ ನನಗೆ ಎರಡು ವರ್ಷ. ಅಮ್ಮ ಹೇಳಿಲ್ಲ.
ಪಿಯಾನೋದ ಸ್ಟೂಲು ಈಗಲೂ ಇದೆ,
ಅದರ ಮೇಲೆ ಹತ್ತಿ ಬಲ್ಬು ಬದಲಿಸುತ್ತೇವೆ.

ಮರುದಿನ ಚುಗುರೇತಿಗೆ ಮತ್ತೆ ಹೋದೆ.
ಟೈಲ್ಸಿನವರು ಆಗಲೇ ಬಂದಿದ್ದರು.
ಅರ್ಧ ಕೋಣೆ ಬಿಳಿ, ಅರ್ಧ ಬೂದಿ,
ಅವರ ರೇಡಿಯೋದಲ್ಲಿ ಕುಸ್ತಿ ಪಂದ್ಯ, ಕಿರುಚಾಟ.
ಒಂದು ನಿಮಿಷ ಆರಿಸುತ್ತೀರಾ ಅಂದೆ. ಆರಿಸಿದರು.
ಯಂತ್ರವಿಡಲು ಒಣಗಿದ ಜಾಗ ಹುಡುಕಿ
ಕೈಯೆತ್ತಿದೆ.
ಸಿಮೆಂಟು ಕಲಸುತ್ತಿದ್ದ ಹುಡುಗ
ನನಗಿಂತ ಮೊದಲೇ ತಟ್ಟಿಬಿಟ್ಟ.